ಗಂಡನಿಗೆ ಹೊಂದದ ಕಿಡ್ನಿ: ಬದಿಯಡ್ಕ ಕಡೆಯ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಅಡಿಕೆ ಕೃಷಿಕರು, ನಲವತ್ತು ದಾಟಿದ ಪ್ರಾಯ. ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ತೋಟದಲ್ಲಿ ತೆಂಗು ಇದ್ದರೂ ಪೊಟ್ಯಾಸಿಯಂ ಏರುತ್ತದೆಂದು ಬೊಂಡ ಕುಡಿಯುವಂತಿಲ್ಲ. ದಿನದ ನೀರನ್ನು ಹೆಂಡತಿ ಬೆಳಗ್ಗೆಯೇ ಬಾಟಲಿಗೆ ಅಳೆದು ಇಡುತ್ತಾರೆ. ಕಿಡ್ನಿ ಕೊಡಲು ಆಕೆ ತಯಾರು. ಆದರೆ ಆಕೆಯದು ಎ ಗುಂಪಿನ ರಕ್ತ, ಅವರದು ಬಿ. ಮಂಗಳೂರಿನ ವೈದ್ಯರು ಸ್ವಾಪ್, ಅಂದರೆ ಅದಲುಬದಲು ಕಸಿ, ಮಾಡಬಹುದು ಎಂದರು.

ಸಲಹೆ ಕೇಳಲು ನನ್ನಲ್ಲಿಗೆ ಬಂದಾಗ ಆಕೆ ಹೇಳಿದ್ದು: "ಇವರಿಗಾದ್ರೆ ಈಗಲೇ ಕೊಡ್ತೇನೆ ಮೇಡಂ. ಗುರುತು ಇಲ್ಲದವರಿಗೆ ಯಾಕೆ ಅಂತ ಅತ್ತೆ ಕೇಳ್ತಾರೆ. ಆಚೆಯವರು ಕೈಕೊಟ್ರೆ?"

ಮೊದಲು ಆಕೆಯೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ನಮ್ಮಲ್ಲಿ ದಾನಿಗಳು ಹೆಚ್ಚಾಗಿ ಹೆಂಡತಿ, ಅಮ್ಮಂದಿರೇ. ಮನೆಯವರ ಎದುರು ಬೇಡ ಎನ್ನಲು ಬಾಯಿ ಬರುವುದಿಲ್ಲ. ಆಪರೇಷನ್ನಿನ ಹಿಂದಿನ ದಿನವೂ ಹಿಂದೆ ಸರಿಯಬಹುದು ಎಂದೆ. ಕೊಡುವುದಕ್ಕೆ ಆಕೆಗೆ ಹಿಂಜರಿಕೆ ಇರಲಿಲ್ಲ, ಮೋಸ ಹೋದೇವೆಂಬ ಭಯವಿತ್ತು.

ಎ ಗುಂಪಿನ ರೋಗಿ, ಬಿ ಗುಂಪಿನ ದಾನಿ ಇರುವ ಇನ್ನೊಂದು ಮನೆ ಸಿಕ್ಕಿ ಕ್ರಾಸ್‌ಮ್ಯಾಚ್ (ರೋಗಿಯ ರಕ್ತ ದಾನಿಯ ಜೀವಕೋಶಗಳನ್ನು ವಿರೋಧಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಸರಿಬಂದರೆ ಈಕೆಯ ಕಿಡ್ನಿ ಅಲ್ಲಿಗೆ, ಅಲ್ಲಿಯದು ಇವರ ಗಂಡನಿಗೆ. ಯಾರೂ ಮಧ್ಯೆ ಕೈಬಿಡಬಾರದೆಂದೇ ಸಾಮಾನ್ಯವಾಗಿ ಎಲ್ಲ ಆಪರೇಷನ್‌ಗಳೂ ಒಂದೇ ದಿನ ನಡೆಯುತ್ತವೆ. 1994ರ ಅಂಗಾಂಗ ಕಸಿ ಕಾಯಿದೆಗೆ 2011ರಲ್ಲಿ ತಂದ ತಿದ್ದುಪಡಿಯಲ್ಲಿ ಇದಕ್ಕೆ ಅವಕಾಶವಿದೆ: ಎರಡೂ ಮನೆಯವರು, ಆಸ್ಪತ್ರೆ ಸೇರಿ ಒಂದೇ ಒಪ್ಪಂದ, ಮೇಲೆ ಕಾಯಿದೆ ಪ್ರಕಾರ ರಚಿಸಿದ ಸಮಿತಿಯ ಅನುಮತಿ. ಯಾರಾದರೂ ಹಣದ ಮಾತೆತ್ತಿದರೆ ಅಲ್ಲಿಂದ ಎದ್ದುಬಿಡಿ ಎಂದು ಖಡಾಖಂಡಿತ ಹೇಳಿದೆ. ಅಂಗಾಂಗ ಮಾರಾಟಕ್ಕೆ 5ರಿಂದ 10 ವರ್ಷ ಜೈಲು.

ಮುಂದಿನ ಸಲ ಅತ್ತೆಯೂ ಬಂದರು. ಸೊಸೆ ಕೊಟ್ಟರೆ ಮಾತ್ರ ಮಗನಿಗೆ ಆಚೆ ಮನೆಯದು ಸಿಗುವುದು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳಿಗೆ ಮತ್ತೆ ಸೊಪ್ಪಿನ ಕಟ್ಟ ಹೊರ್ಲಿಕ್ಕೆ ಆಗ್ತದಾ?" ಎಂದರು. ನ್ಯಾಯವಾದ ಪ್ರಶ್ನೆ. ಕೆಲವು ವಾರ ಭಾರ ಎತ್ತಬಾರದು. ಗಾಯ ಮಾಗಿ ವೈದ್ಯರು ಒಪ್ಪಿದ ಮೇಲೆ ಒಂದು ಕಿಡ್ನಿಯಲ್ಲೇ ಎಂದಿನ ಕೆಲಸ ಮಾಡಬಹುದು. ಆದರೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ), ಮೂತ್ರ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ತಪ್ಪಬಾರದು. ಆ ಕಟ್ಟಗಳನ್ನು ಅಷ್ಟು ದಿನ ಹೊರುವವರು ಯಾರೆಂದು ಈಗಲೇ ಗೊತ್ತುಮಾಡಿ ಎಂದೆ.

'ಗುಂಪು ಹೊಂದಲಿಲ್ಲ' ಎಂದ ದಿನವೇ ಎಷ್ಟೋ ಮನೆಯವರು ಫೈಲು ಕಟ್ಟಿಡುತ್ತಾರೆ. ನೋಡಿ ಸಂಕಟವಾಗುತ್ತದೆ. ಸ್ವಾಪ್ ಪಟ್ಟಿಯಲ್ಲಿ ಹೆಸರು ಬರೆಸಿದ ಜೋಡಿಗಳು ಹೆಚ್ಚಿದಷ್ಟೂ ಹೊಂದಾಣಿಕೆ ಹೆಚ್ಚು. ನೀವು ಬರೆಸದಿದ್ದರೆ ನಿಮ್ಮನ್ನೇ ಕಾಯುತ್ತಿರುವ ಇನ್ನೊಂದು ಮನೆಗೂ ದಾರಿಯಿಲ್ಲ. ಒ ಗುಂಪಿನ ರೋಗಿಗಳಿಗೆ ಕಾಯುವಿಕೆ ಉದ್ದ, ಏಕೆಂದರೆ ಅವರಿಗೆ ಒ ಗುಂಪಿನ ಕಿಡ್ನಿಯೇ ಬೇಕು, ಒ ದಾನಿಗಳೋ ಹೆಚ್ಚಾಗಿ ತಮ್ಮವರಿಗೇ ನೇರವಾಗಿ ಕೊಡಬಲ್ಲರು, ಸ್ವಾಪ್‌ಗೆ ಬರುವುದು ಕಡಿಮೆ. ಎ–ಬಿ ಜೋಡಿಗಳಿಗೆ ಅಷ್ಟು ಕಷ್ಟವಿಲ್ಲ. ಗುಂಪು ಹೊಂದದೆಯೂ ಕಸಿ ಮಾಡುವ ವಿಧಾನವಿದೆ, ಖರ್ಚು ಹೆಚ್ಚು. ಅದಕ್ಕೆ ಸಾಲ ಮಾಡುವ ಮುಂಚೆ ಸ್ವಾಪ್ ಬಗ್ಗೆ ಕೇಳಿ.

ಕೇರಳದ ಗಡಿ ದಾಟಿ ಮಂಗಳೂರಿಗೆ ಹೋಗುವ ನಮ್ಮವರಿಗೆ ಇನ್ನೊಂದು ಮಾತು. ಎರಡೂ ರಾಜ್ಯಗಳ ಯಾವ ಯಾವ ಕಾಗದ ಬೇಕೆಂದು ಆಸ್ಪತ್ರೆಯ ಕಸಿ ಸಂಯೋಜಕರಿಂದ ಮೊದಲೇ ಬರೆಸಿಕೊಳ್ಳಿ. ಮಲಯಾಳದಲ್ಲಿರುವ ದಾಖಲೆಗಳಿಗೆ ಭಾಷಾಂತರ ಬೇಕೇ ಎಂದೂ ಕೇಳಿ. ಈ ದಂಪತಿ ಹೆಸರು ಬರೆಸಿದ್ದಾರೆ. ಡಯಾಲಿಸಿಸ್ ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದ್ದೇನೆ.