ಪ್ಲಾಸ್ಟಿಕ್ ನಾರಿನ ಬದಲಿಗೆ ಹೀರೇಕಾಯಿ ನಾರು

ಪ್ರಶ್ನೆ: ಪಾತ್ರೆ ತಿಕ್ಕುವ ನಾರು, ರೊಟ್ಟಿ ಡಬ್ಬಿ, ನೀರಿನ ಕೊಡ ಎಲ್ಲವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನವೇ. ಇವನ್ನೆಲ್ಲ ಒಮ್ಮೆಗೇ ಎಸೆಯಬೇಕೇ? ಬದಲಿಗೆ ಏನು ಬಳಸಬಹುದು?
– ಓದುಗರೊಬ್ಬರು, ಗಂಗಾವತಿ

ಉತ್ತರ: ದಯವಿಟ್ಟು ಎಸೆಯಬೇಡಿ. ಗಟ್ಟಿಯಾಗಿರುವ ಡಬ್ಬಿಯಲ್ಲಿ ಬೇಳೆಕಾಳು ತುಂಬಿಟ್ಟರೆ ಅದು ಇನ್ನೂ ಹಲವು ವರ್ಷ ಬಾಳುತ್ತದೆ. ಮೊದಲು ಬದಲಿಸಬೇಕಾದವು ಸವೆಯುವ ಮತ್ತು ಬಿಸಿ ತಗಲುವ ವಸ್ತುಗಳು.

ಪ್ಲಾಸ್ಟಿಕ್ ನಾರು ತಿಕ್ಕಿದಷ್ಟೂ ಸಣ್ಣ ಚೂರುಗಳಾಗಿ ಸವೆದು ಬಚ್ಚಲ ನೀರಿನೊಂದಿಗೆ ಹರಿದುಹೋಗುತ್ತದೆ. ಅದಕ್ಕೆ ಬದಲಿಯನ್ನು ಹಿತ್ತಲಿನಲ್ಲೇ ಬೆಳೆಯಬಹುದು. ತುಪ್ಪದ ಹೀರೇಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟು, ಅದು ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಬೀಜಗಳು ಗಲಗಲ ಎನ್ನುವಷ್ಟು ಒಣಗಿದ ಮೇಲೆ ಕಿತ್ತು, ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದರೆ, ಒಳಗೆ ಜಾಲರಿಯಂತಹ ನಾರು ಸಿಗುತ್ತದೆ. ಬೀಜಗಳನ್ನು ಮುಂದಿನ ಬಿತ್ತನೆಗೆ ತೆಗೆದಿಡಿ. ಬಳಸಿದ ನಂತರ ನಾರನ್ನು ಹಿಂಡಿ ಬಿಸಿಲಿಗೆ ಹಾಕದಿದ್ದರೆ ಬೇಗ ಕೊಳೆತು ವಾಸನೆ ಬರುತ್ತದೆ. ಹಲವರು ಬೇಸರಪಟ್ಟು ಕೈಬಿಡುವುದು ಇಲ್ಲಿಯೇ.

ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಬೆ ನೀರಾಗಿ ರೊಟ್ಟಿ ಮೆತ್ತಗಾಗುತ್ತದೆ. ಬಿದಿರಿನ ಪುಟ್ಟಿಯಲ್ಲಿ ಹತ್ತಿ ಬಟ್ಟೆ ಹಾಸಿಡುವ ನಮ್ಮ ಹಿರಿಯರ ಕ್ರಮವೇ ಇದಕ್ಕೆ ಸರಿ. ನೀರಿಗೆ ಮಣ್ಣಿನ ಕೊಡ ಸಾಕು. ಸಣ್ಣ ರಂಧ್ರಗಳಿಂದ ಹೊರಬರುವ ನೀರು ಆವಿಯಾಗುವಾಗ ಕೊಡ ತಂಪಾಗುತ್ತದೆ, ನಮ್ಮ ಭಾಗದ ಒಣ ಬೇಸಿಗೆಯಲ್ಲಿ ಇನ್ನೂ ಚೆನ್ನಾಗಿ.

ಚೀಲಕ್ಕಾಗಿ ದೂರ ಹೋಗಬೇಕಿಲ್ಲ. ನಿಮ್ಮ ನೆರೆಯ ಆನೆಗೊಂದಿಯಲ್ಲಿ ಮಹಿಳೆಯರು ಬಾಳೆನಾರಿನಿಂದ ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ. ಒದ್ದೆ ಸೊಪ್ಪು ತರಲು ಮಾತ್ರ ಒಗೆಯಲು ಬರುವ ಬಟ್ಟೆ ಚೀಲವನ್ನೇ ಇಟ್ಟುಕೊಳ್ಳಿ.