ಹೊಸ ಸ್ಪೀಕರ್ ಓಡಿಸುತ್ತಾ ಹೋದರೆ ಬಾಸ್ ಜಾಸ್ತಿ ಆಗುತ್ತಾ?

ಹೊಸ ಸ್ಪೀಕರಿನಲ್ಲಿ ಬಾಸ್ ಕಡಿಮೆ ಇದೆ, 100 ಗಂಟೆ ಓಡಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಬದಲಾವಣೆ ಆಗುವುದು ನಿಜ. ಆದರೆ ಅಷ್ಟು ಹೊತ್ತು ಬೇಕಿಲ್ಲ, ನೀವು ಅಂದುಕೊಂಡಷ್ಟು ಆಗುವುದೂ ಇಲ್ಲ.

ಬಾಸಿನ ದಪ್ಪ ಸದ್ದು ಹೊರಡಿಸುವ ಭಾಗ ವೂಫರ್. ಅದರಲ್ಲಿ ಅಲುಗಾಡಿ ಸದ್ದು ಮಾಡುವ ಕೋನ್ ಹಿಂದೆ ಸ್ಪೈಡರ್ ಅಂತ ಇರುತ್ತದೆ. ಅಂಟು ಹಾಕಿ ಗಟ್ಟಿ ಮಾಡಿದ, ಅಲೆ ಅಲೆಯಾಗಿ ಮಡಿಸಿದ ಬಟ್ಟೆ ಅದು. ಕೋನ್ ಹಿಂದೆ ಮುಂದೆ ಆಡುತ್ತಾ ಅದು ಸ್ವಲ್ಪ ಸಡಿಲವಾಗುತ್ತದೆ, ಹೊಸ ಅಂಗಿಯ ಕಾಲರ್ ಒಗೆದ ಮೇಲೆ ಮೆತ್ತಗಾಗುತ್ತದಲ್ಲ, ಹಾಗೆ. ಇದರ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಮುಗಿಯುತ್ತದೆ. ಮೇಲಾಗಿ ಪೆಟ್ಟಿಗೆಯೊಳಗಿನ ಗಾಳಿಯೂ ಸ್ಪ್ರಿಂಗಿನಂತೆ ಕೋನನ್ನು ತಡೆಯುತ್ತದೆ, ಅದು ಸಡಿಲವಾಗುವುದಿಲ್ಲ. ಹಾಗಾಗಿ ಕೇಳಿಸುವ ವ್ಯತ್ಯಾಸ ತೀರಾ ಕಡಿಮೆ. ವಾರಗಳ ನಂತರ ಚೆನ್ನಾಗಿದೆ ಅನ್ನಿಸಿದರೆ, ಜಾಸ್ತಿ ಪಳಗಿರುವುದು ನಮ್ಮ ಕಿವಿಯೇ.

ಅನುಮಾನವಿದ್ದರೆ ಜೋಡಿಯಲ್ಲಿ ಒಂದನ್ನು ಮಾತ್ರ ಒಂದು ವಾರ ಓಡಿಸಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಮೋನೋದಲ್ಲಿ (ಎರಡಕ್ಕೂ ಒಂದೇ ಸದ್ದು ಹೋಗುವಂತೆ) ಒಂದೇ ಹಾಡನ್ನು ಕಣ್ಣು ಮುಚ್ಚಿ ಕೇಳಿ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಬದಲಿಸುವ ಕೆಲಸ ಬೇರೆಯವರು ಮಾಡಲಿ.

ಅದಕ್ಕಿಂತ ಮೊದಲು ತಂತಿ ನೋಡಿ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ಬಾಸ್ ಸೊರಗುತ್ತದೆ. ಅದು ಸರಿ ಇದ್ದರೆ ಸ್ಪೀಕರುಗಳನ್ನು ಗೋಡೆಗೆ ಸ್ವಲ್ಪ ಹತ್ತಿರ ತಳ್ಳಿ. ಆಗಲೂ ಇಷ್ಟವಾಗಲಿಲ್ಲ ಅಂದರೆ, ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಸುಮ್ನೆ ಕಾಯಬೇಡಿ.