ಓದುಗರ ಪ್ರಶ್ನೆ: ಎಂಜಿನಿಯರಿಂಗ್ ಓದಿದವರು ಮೂವತ್ತೇಳರಲ್ಲಿ ನರ್ಸಿಂಗ್‌ಗೆ ಸೇರಬಹುದೇ?

ಪ್ರಶ್ನೆ: ಮಾನ್ಯರೆ, ನಾನು ಮೈಸೂರಿನವಳು, ವಯಸ್ಸು 37. 2010ರಲ್ಲಿ ವಿಟಿಯುನಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಏಳು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದ್ದೇನೆ. ಈಗ ಪತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದೇನೆ. ಪತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದೆ, ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಮಾವನವರಿಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಹೋಗಿ ಎರಡು ತಿಂಗಳು ಆಸ್ಪತ್ರೆಯಲ್ಲಿ ನಾನೇ ನೋಡಿಕೊಂಡೆ. ಅವರಿಗೆ ಗಂಜಿ ಕುಡಿಸಲು ಹೋದಾಗ ನರ್ಸ್ ಒಬ್ಬರು ತಡೆದು, ಮೊದಲು ಒಂದು ಚಮಚ ನೀರು ಕೊಟ್ಟು ನುಂಗುತ್ತಾರೋ ಇಲ್ಲವೋ ಎಂದು ನೋಡಿದರು. ಅಲ್ಲಿಂದ ಈ ಓದಿನ ಆಸೆ ಹತ್ತಿದೆ. ಬೇರೆ ಪದವಿ ಇದ್ದವರಿಗೆ ಒಂದೂವರೆ ವರ್ಷದೊಳಗೆ ಮುಗಿಯುವ ಬಿಎಸ್‌ಎನ್ (ನರ್ಸಿಂಗ್ ಪದವಿ) ಇಲ್ಲಿ ಇದೆಯಂತೆ. ನನ್ನ ಬಿ.ಇ. ನಡೆಯುತ್ತದೆಯೇ? ಒಟ್ಟು ಶೇ 63 ಬಂದಿದೆ, ಎರಡು ವಿಷಯ ಬ್ಯಾಕ್‌ಲಾಗ್ ಆಗಿದ್ದವು. ಬರುವ ಆಗಸ್ಟಿಗೇ ಸೇರಬಹುದೇ? ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ಏನು ಬರೆಯಲಿ? 'ಎಂಜಿನಿಯರಿಂಗ್ ಓದಿ ನರ್ಸಾ?' ಎನ್ನುವ ಮನೆಯವರಿಗೆ ಏನು ಹೇಳಲಿ?
— ಹೆಸರು ಬೇಡ, ಡಲ್ಲಾಸ್

ಉತ್ತರ: ನಿಮ್ಮ ಬಿ.ಇ. ನಡೆಯುತ್ತದೆ, ಬರುವ ಆಗಸ್ಟ್ ಮಾತ್ರ ನಡೆಯುವುದಿಲ್ಲ. ಈ ಎರಡನೆಯ ಮಾತು ನಿಮಗೆ ಬೇಸರ ತರಬಹುದೆಂದು ಗೊತ್ತಿದ್ದೂ ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಈ ಅಂಕಣಕ್ಕೆ ಇದೇ ವಿಷಯವಾಗಿ ಬರುವ ಪತ್ರಗಳಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಅರ್ಜಿಯಿಂದ ಶುರುಮಾಡಿ, ಅರ್ಜಿ ತುಂಬುವ ಹೊತ್ತಿಗೆ ಅರ್ಧ ದಾಖಲೆಗಳೂ ಕೈಯಲ್ಲಿಲ್ಲವೆಂದು ಕಂಡುಕೊಳ್ಳುತ್ತಾರೆ.

ವೇಗದ ಬಿಎಸ್‌ಎನ್ ಹೊಸದೇನಲ್ಲ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಇದನ್ನು ಆರಂಭಿಸಿತು. ಸಾಮಾನ್ಯ ಪದವಿಯಲ್ಲಿ ಮೊದಲ ಎರಡು ವರ್ಷ ಓದುವ ಭಾಷೆ, ಸಮಾಜ ವಿಜ್ಞಾನ, ಮೂಲ ವಿಜ್ಞಾನಗಳನ್ನು ನೀವು ಹಿಂದಿನ ಪದವಿಯಲ್ಲೋ ಬೇರೆಡೆಯೋ ಮುಗಿಸಿಕೊಂಡು ಬಂದಿದ್ದೀರಿ ಎಂದು ನಂಬಿ, ಉಳಿದ ನರ್ಸಿಂಗ್ ಭಾಗವನ್ನು ಮಾತ್ರ 12ರಿಂದ 18 ತಿಂಗಳಲ್ಲಿ ಬಿಡುವಿಲ್ಲದೆ ಕಲಿಸುತ್ತಾರೆ. ಎಂದರೆ ಸಮಯ ಉಳಿಯುವುದು ಆ ನಂಬಿಕೆಯ ಮೇಲೆ. ಅದಕ್ಕೆ ಪುರಾವೆ ಕೊಡಬೇಕಾದವರು ನೀವು. ಆ ಪುರಾವೆಗೆ ಇಲ್ಲಿ ಪ್ರಿರಿಕ್ವಿಸಿಟ್ ಎನ್ನುತ್ತಾರೆ. ಲ್ಯಾಬ್ ಸಹಿತ ಅನಾಟಮಿ ಮತ್ತು ಫಿಸಿಯಾಲಜಿಯ ಎರಡು ಭಾಗಗಳು, ಲ್ಯಾಬ್ ಸಹಿತ ಮೈಕ್ರೋಬಯಾಲಜಿ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಪೌಷ್ಟಿಕತೆ, ಮಗುವಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಶ್ಶಾಸ್ತ್ರ: ಹೆಚ್ಚುಕಡಿಮೆ ಎಲ್ಲ ಕಡೆ ಕೇಳುವುದು ಇವನ್ನೇ. ನಿಮ್ಮ ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿ ಲೆಕ್ಕಕ್ಕೆ ಬರುತ್ತದೆಂದು ಎಣಿಸಬೇಡಿ. ವಿಜ್ಞಾನದ ವಿಷಯಗಳು ಐದು ಅಥವಾ ಏಳು ವರ್ಷದೊಳಗಿನವಾಗಿರಬೇಕೆಂದು ಅನೇಕ ವಿಶ್ವವಿದ್ಯಾಲಯಗಳು ನಿಯಮ ಮಾಡಿಕೊಂಡಿವೆ. ಎಂಜಿನಿಯರಿಂಗ್ ಗಣಿತದೊಳಗೆ ಸೇರಿದ್ದ ಪ್ರೊಬಬಿಲಿಟಿಯನ್ನು ಸಂಖ್ಯಾಶಾಸ್ತ್ರವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇವನ್ನೆಲ್ಲ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ. ಖರ್ಚು ಕಡಿಮೆ ಎಂಬುದೊಂದು ಕಾರಣ. ನಿಮ್ಮ ಈಗಿನ ಶಕ್ತಿ ಎಷ್ಟೆಂದು ಅಲ್ಲಿಯೇ ತಿಳಿಯುತ್ತದೆ ಎಂಬುದು ಇನ್ನೊಂದು. ಅನಾಟಮಿ ಲ್ಯಾಬಿನ ಪರೀಕ್ಷೆಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತ, ಮೂಳೆಗೆ ಚುಚ್ಚಿದ ಗುಂಡುಪಿನ್ನು ಯಾವ ಉಬ್ಬನ್ನು ತೋರಿಸುತ್ತಿದೆ ಎಂದು ಒಂದೊಂದು ನಿಮಿಷದಲ್ಲಿ ಕಾಗುಣಿತ ತಪ್ಪದೆ ಬರೆಯಬೇಕು. ಹದಿನೈದು ವರ್ಷ ಪುಸ್ತಕ ಬಿಟ್ಟವರಿಗೆ ಮೊದಲ ಪರೀಕ್ಷೆ ಹೊಡೆತ ಕೊಡುತ್ತದೆ; ಮೂರನೆಯದರ ಹೊತ್ತಿಗೆ ಕೈ ಹಿಡಿತಕ್ಕೆ ಬರುತ್ತದೆ. ಅನಾಟಮಿಯ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಸೇರಿಸುವುದಿಲ್ಲವಾದ್ದರಿಂದ, ಸೆಮಿಸ್ಟರಿಗೆ ಎರಡು ವಿಷಯದಂತೆ ತೆಗೆದುಕೊಂಡರೂ ಬೇಸಿಗೆಯನ್ನು ಸೇರಿಸಿ ಒಂದು ವರ್ಷಕ್ಕೆ ಮೇಲೇ ಆಗುತ್ತದೆ. ಒಂದೆರಡು ವಿಷಯ ನಡೆಯುತ್ತಿರುವಾಗಲೇ ಅರ್ಜಿ ಹಾಕಲು ಕೆಲವು ಕಡೆ ಬಿಡುತ್ತಾರೆ. ಅಷ್ಟು ಸಮಯ ಉಳಿಸಬಹುದು.

ಇದರ ಜೊತೆಜೊತೆಗೇ ಬೆಳಗಾವಿಯ ವಿಟಿಯುಗೆ ಟ್ರಾನ್ಸ್‌ಕ್ರಿಪ್ಟ್‌ಗಾಗಿ (ಅಧಿಕೃತ ಅಂಕಪಟ್ಟಿಗಾಗಿ) ಅರ್ಜಿ ಹಾಕಿ. ವಿದೇಶದ ಪದವಿ ಇಲ್ಲಿನ ಯಾವುದಕ್ಕೆ ಸಮವೆಂದು ಹೇಳುವ ವೆಸ್ ಅಥವಾ ಇಸಿಇಯಂಥ ಸಂಸ್ಥೆಯಿಂದ ನಿಮ್ಮ ಪದವಿಯ ಮೌಲ್ಯಮಾಪನ ಆಗಬೇಕು. ಸಾರಾಂಶ ವರದಿ ಸಾಲದು, ವಿಷಯವಾರು ವರದಿಯನ್ನೇ ಕೇಳಬೇಕು. ಯಾವ ಸಂಸ್ಥೆಯ ವರದಿ ನಡೆಯುತ್ತದೆಂಬುದನ್ನು ನೀವು ಸೇರಬಯಸುವ ವಿಶ್ವವಿದ್ಯಾಲಯದಿಂದ ಮೊದಲು ತಿಳಿದುಕೊಂಡರೆ ಎರಡು ಸಲ ಹಣ ಕಟ್ಟುವುದು ತಪ್ಪುತ್ತದೆ. ಶೇ 63ರ ಬಗ್ಗೆ ಚಿಂತೆ ಬೇಡ: ನಮ್ಮಲ್ಲಿ ಪ್ರಥಮ ದರ್ಜೆ ಅರವತ್ತರಿಂದ ಆರಂಭವಾಗುತ್ತದೆಂಬುದು ಮೌಲ್ಯಮಾಪಕರಿಗೆ ಗೊತ್ತಿದೆ, ಅದನ್ನು ಅಮೆರಿಕದ ಅರವತ್ತಮೂರರಂತೆ ಓದುವುದಿಲ್ಲ. ಬ್ಯಾಕ್‌ಲಾಗ್‌ಗಳನ್ನು ಮುಚ್ಚಿಡಬೇಡಿ, ಅವುಗಳಿಗೆ ಒಂದು ಪ್ಯಾರಾ ಸಮಜಾಯಿಷಿಯನ್ನೂ ಬರೆಯಬೇಡಿ. ಬಹಳಷ್ಟು ಕಡೆ ಪ್ರಿರಿಕ್ವಿಸಿಟ್‌ಗಳ ಜಿಪಿಎಯನ್ನು (4ಕ್ಕೆ ಎಣಿಸುವ ಸರಾಸರಿ ಅಂಕವನ್ನು) ಪ್ರತ್ಯೇಕವಾಗಿ ಎಣಿಸುತ್ತಾರೆ, 3.0 ಕನಿಷ್ಠವೆಂದು ಬರೆದಿದ್ದರೂ ಸೀಟು ಸಿಗುವವರದು ಅದಕ್ಕಿಂತ ಮೇಲಿರುತ್ತದೆ. ಹಳೆಯ ಮಾರ್ಕ್ಸ್ ಕಾರ್ಡಿಗೆ ಉತ್ತರ ಕೊಡುವುದು ಈಗಿನ ಅನಾಟಮಿಯ 'ಎ'.

ಪ್ರವೇಶ ಪರೀಕ್ಷೆ ಟೀಸ್ ಅಥವಾ ಹೆಸಿ ಇರಬಹುದು. ಟೀಸ್‌ನಲ್ಲಿ 209 ನಿಮಿಷಕ್ಕೆ 170 ಪ್ರಶ್ನೆ. ನಿಮಗೆ ಗಣಿತ ಸುಲಭ, ಇಂಗ್ಲಿಷ್ ವ್ಯಾಕರಣಕ್ಕೆ ಸ್ವಲ್ಪ ಸಮಯ ಕೊಡಿ. ಶಿಫಾರಸು ಪತ್ರಗಳಲ್ಲಿ ಒಂದು ನಿಮ್ಮ ಹಳೆಯ ಮ್ಯಾನೇಜರರದು, ಇನ್ನೊಂದು ಈಗಿನ ವಿಜ್ಞಾನದ ಅಧ್ಯಾಪಕರದು ಆಗಿರಲಿ.

ಇನ್ನು ಪ್ರಬಂಧ. ನಾನು ಸ್ವತಃ ಬ್ಯಾಂಕಿನ ಕೆಲಸ ಬಿಟ್ಟು ಈ ದಾರಿಗೆ ಬಂದವಳು. ನನ್ನ ಮೊದಲ ಪ್ರಬಂಧ ಫ್ಲಾರೆನ್ಸ್ ನೈಟಿಂಗೇಲ್ ಅವರ ದೀಪದಿಂದ ಶುರುವಾಗಿ ಮಾನವಸೇವೆಯಲ್ಲಿ ಮುಗಿದಿತ್ತು. ಆ ವರ್ಷ ನನಗೆ ಎಲ್ಲಿಯೂ ಸೀಟು ಸಿಗಲಿಲ್ಲ. ಸೇವೆಯ ಆಸೆ ಎಲ್ಲ ಅರ್ಜಿಗಳಲ್ಲೂ ಇರುತ್ತದೆ, ಹಾಗಾಗಿ ಅದನ್ನು ಓದಿದವರಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಆಯ್ಕೆ ಸಮಿತಿಗೆ ಇರುವ ಅನುಮಾನವೇ ಬೇರೆ: ನರ್ಸ್ ದಿನವಿಡೀ ಮಾಡುವ ಕೆಲಸ ಏನೆಂದು ಇವರಿಗೆ ಗೊತ್ತಿದೆಯೇ, ಅಥವಾ ಹಳೆಯ ಕೆಲಸ ಸಾಕಾಗಿ ಓಡಿಬರುತ್ತಿದ್ದಾರೆಯೇ? ಇದಕ್ಕೆ ಉತ್ತರವನ್ನು ನೀವು ಪತ್ರದಲ್ಲಿ ಅರಿಯದೆಯೇ ಬರೆದುಬಿಟ್ಟಿದ್ದೀರಿ. ಪಾರ್ಶ್ವವಾಯುವಾದವರಿಗೆ ಗಂಟಲಿನ ಸ್ನಾಯುಗಳ ಹಿಡಿತ ತಪ್ಪಿರಬಹುದು, ಆಗ ಗಂಜಿ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯ ಆಗಬಹುದು; ಅದಕ್ಕಾಗಿಯೇ ಬಾಯಿಂದ ಏನನ್ನಾದರೂ ಕೊಡುವ ಮೊದಲು ನುಂಗುವುದನ್ನು ಪರೀಕ್ಷಿಸುತ್ತಾರೆ. ಆ ಒಂದು ಚಮಚ ನೀರಿನಿಂದಲೇ ಪ್ರಬಂಧ ಆರಂಭಿಸಿ. ಮಾವನವರನ್ನು ಎಷ್ಟು ಕೂರಿಸಿದ್ದರು, ನರ್ಸ್ ಏನನ್ನು ನೋಡುತ್ತಿದ್ದರು, ಕೆಮ್ಮು ಬಂದಿತೇ, ಆಮೇಲೆ ಏನು ಬರೆದುಕೊಂಡರು — ಕಂಡದ್ದನ್ನಷ್ಟೇ ಬರೆಯಿರಿ. ಅಲ್ಲಿಂದ ನಿಮ್ಮ ಟೆಸ್ಟಿಂಗ್ ಕೆಲಸಕ್ಕೆ ಬರುವುದು ಕಷ್ಟವಲ್ಲ: ಬಳಕೆದಾರನ ಕೈಗೆ ಹೋಗುವ ಮುಂಚೆ ಎಲ್ಲಿ ಮುರಿಯುತ್ತದೆಂದು ಹುಡುಕುವುದು, ಏನಾಯಿತು, ಯಾವಾಗ, ಯಾವ ಕ್ರಮದಲ್ಲಿ ಎಂದು ಊಹೆ ಬೆರೆಸದೆ ದಾಖಲಿಸುವುದು ನಿಮಗೆ ಏಳು ವರ್ಷದ ಅಭ್ಯಾಸ. ವಾರ್ಡಿನ ಚಾರ್ಟ್ ಬೇಡುವುದೂ ಅದನ್ನೇ. ಹಳೆಯ ಕೆಲಸವನ್ನು ಹಳಿಯುವ ಒಂದು ವಾಕ್ಯವೂ ಬೇಡ. ಅರ್ಜಿಗೆ ಮೊದಲು ಇಲ್ಲಿನ ಆಸ್ಪತ್ರೆ ಅಥವಾ ವೃದ್ಧಾಶ್ರಮದಲ್ಲಿ ಕೆಲವು ತಿಂಗಳು ಸ್ವಯಂಸೇವೆ ಮಾಡಿದರೆ, ಮೈಸೂರಿನ ಅನುಭವಕ್ಕೆ ಇಲ್ಲಿನದೂ ಜೊತೆಯಾಗುತ್ತದೆ.

ವೀಸಾ ವಿಚಾರದಲ್ಲಿ ನಿಮ್ಮ ಸ್ಥಿತಿ ಅನೇಕರಿಗಿಂತ ಉತ್ತಮ. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಮಾತ್ರ ಇಎಡಿ ಎಂಬ ಕೆಲಸದ ಪರವಾನಗಿ ಬೇಕು, ಪತಿಯ ಐ-140 ಮಂಜೂರಾದವರಿಗೆ 2015ರಿಂದ ಅದು ಸಿಗುತ್ತಿದೆ. ಓದಿಗಾಗಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಿರೆಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ. ನರ್ಸಿಂಗ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲದ ಕಾರಣ ಓದಿನ ನಂತರ 12 ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿ ಮಾತ್ರ ದೊರೆಯುತ್ತದೆ, ವಾರ್ಡಿನ ನರ್ಸ್ ಹುದ್ದೆಗೆ ಎಚ್-1ಬಿ ಕೆಲಸದ ವೀಸಾ ಸಿಗುವುದು ಬಹಳ ಕಷ್ಟ. ಆದರೆ ನಿಮ್ಮ ಇಎಡಿ ಪತಿಯ ವೀಸಾಕ್ಕೆ ಜೋತುಬಿದ್ದಿದೆ ಎಂಬುದನ್ನು ಮರೆಯದೆ, ಸಾಲದ ಲೆಕ್ಕ ಹಾಕುವಾಗ ಆ ಅಪಾಯವನ್ನೂ ಎಣಿಸಿ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ 50,000 ಡಾಲರ್ ದಾಟುವುದು ಸಾಮಾನ್ಯ, ಎಚ್-4ರವರಿಗೆ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ.

ಒಂದು ಚಿಕ್ಕ ವಿಷಯ, ಆದರೆ ನಮ್ಮವರನ್ನು ಕಾಡುವಂಥದ್ದು. ಕ್ಲಿನಿಕಲ್‌ಗೆ, ಎಂದರೆ ಆಸ್ಪತ್ರೆಯ ತರಬೇತಿಗೆ, ಕಳಿಸುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಮಗುವಾಗಿದ್ದಾಗ ನಮಗೆ ಹಾಕಿದ ಬಿಸಿಜಿಯಿಂದಾಗಿ ಮುಂಗೈ ಚರ್ಮದ ಪರೀಕ್ಷೆಯಲ್ಲಿ ಊತ ಬಂದು, ಎಕ್ಸ್-ರೇ, ಪತ್ರವ್ಯವಹಾರ ಎಂದು ವಾರಗಳು ಕಳೆಯಬಹುದು. ತೋಳಿನ ಮೇಲಿನ ಗುರುತು ತೋರಿಸಿ, ಬಿಸಿಜಿಯಿಂದ ವ್ಯತ್ಯಾಸವಾಗದ ರಕ್ತಪರೀಕ್ಷೆಯನ್ನೇ ಮೊದಲಿಗೆ ಕೇಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳಿಗೆ ಆರು ತಿಂಗಳು ಹಿಡಿಯಬಹುದಾದ್ದರಿಂದ ಅದನ್ನು ಸೀಟು ಸಿಕ್ಕ ಮೇಲೆ ನೋಡೋಣವೆಂದು ಬಿಡಬೇಡಿ.

ಕೋರ್ಸಿನಲ್ಲಿ ಕೆಲವು ದಿನ 12 ಗಂಟೆಯ ಡ್ಯೂಟಿ ಇರುತ್ತದೆ. ಬೆಳಗ್ಗೆ ಏಳಕ್ಕೆ ಮೊದಲೇ ವಾರ್ಡಿನಲ್ಲಿರಬೇಕು. ಮಕ್ಕಳ ಡಬ್ಬಿ, ಶಾಲೆಯ ಬಸ್ಸು, ಜ್ವರ ಬಂದ ದಿನ ಯಾರು ಮನೆಯಲ್ಲಿ ಎಂಬುದನ್ನು ಪತಿಯೊಡನೆ ಈಗಲೇ ಹೆಸರು ಹಿಡಿದು ಹಂಚಿಕೊಳ್ಳಿ. ಔಷಧದ ಲೆಕ್ಕದ ಪರೀಕ್ಷೆಗೆ ಪಾಸಿನ ಗಡಿ ಅನೇಕ ಕಡೆ ಶೇ 90ಕ್ಕೂ ಮೇಲೆ. 1000 ಮಿ.ಲೀ. ಸಲೈನ್ ಎಂಟು ಗಂಟೆಗೆ, ಮಿ.ಲೀ.ಗೆ 15 ಹನಿಯ ಡ್ರಿಪ್ ಸೆಟ್. ನಿಮಿಷಕ್ಕೆ ಎಷ್ಟು ಹನಿ? ಗಂಟೆಗೆ 125 ಮಿ.ಲೀ., ನಿಮಿಷಕ್ಕೆ 31 ಹನಿ. ಲೆಕ್ಕ ಇಷ್ಟೇ, ಮೂರು ಗಂಟೆ ನಿದ್ದೆ ಮಾಡಿದ ಬೆಳಗ್ಗೆಯೂ ತಪ್ಪಬಾರದು ಎನ್ನುವುದೇ ಕಷ್ಟ. ಕೋರ್ಸಿಗೆ ಟೆಕ್ಸಾಸ್ ನರ್ಸಿಂಗ್ ಮಂಡಳಿಯ ಮನ್ನಣೆಯೂ ಸಿಸಿಎನ್‌ಇ ಅಥವಾ ಎಸಿಇಎನ್ ಎಂಬ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯೂ ಇದೆಯೇ ಎಂದು ಮುಂಗಡ ಕಟ್ಟುವ ಮುನ್ನ ನೋಡಿಕೊಳ್ಳಿ. ಕೊನೆಗೆ ನರ್ಸ್ ಪರವಾನಗಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ, ಟೆಕ್ಸಾಸ್‌ನಲ್ಲಿ ಅದರ ಜೊತೆಗೆ ನರ್ಸಿಂಗ್ ಕಾನೂನಿನ ಚಿಕ್ಕ ಪರೀಕ್ಷೆಯೊಂದೂ ಇದೆ.

ಮನೆಯವರ ಮಾತಿಗೆ ಈಗಲೇ ಉತ್ತರ ಕೊಡಬೇಕೆಂದೇನೂ ಇಲ್ಲ. ನರ್ಸಿಂಗ್ ಎಂದರೆ ಕೇರಳದಿಂದ ಬಂದ ಹುಡುಗಿಯರ ಕೆಲಸವೆಂದು ನಮ್ಮ ಕಡೆ ಬಹಳ ಕಾಲ ಅಂದುಕೊಂಡಿದ್ದೆವು; ಆ ಹುಡುಗಿಯರ ಕೈಯಲ್ಲೇ ನಮ್ಮ ಹಿರಿಯರು ಚೇತರಿಸಿಕೊಂಡದ್ದು. ಮಾತಾಡುವುದಾದರೆ ಮಾವನವರನ್ನೇ ಮುಂದೆ ಬಿಡಿ, ಆ ಚಮಚ ಅವರಿಗೂ ನೆನಪಿದ್ದೀತು.

ಪ್ರಶ್ನೆ: ನನ್ನದು ಮೂರು ವರ್ಷದ ಬಿ.ಎಸ್ಸಿ. ಇಲ್ಲಿನ ಪದವಿಗೆ ಸಮವಲ್ಲವೆಂದು ವರದಿ ಬಂದಿದೆ. ಬಾಗಿಲು ಮುಚ್ಚಿತೇ?
— ಒಬ್ಬ ಓದುಗ, ನ್ಯೂಜೆರ್ಸಿ

ಉತ್ತರ: ಇಲ್ಲ. ಎಂ.ಎಸ್ಸಿ. ಇದ್ದರೆ ಎರಡನ್ನೂ ಒಟ್ಟಿಗೆ ಮೌಲ್ಯಮಾಪನಕ್ಕೆ ಕೊಡಿ. ಇಲ್ಲದಿದ್ದರೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ನರ್ಸಿಂಗ್ ಅಸೋಸಿಯೇಟ್ ಪದವಿ ಇದೆ. ಅದನ್ನು ಓದಿದವರೂ ಬರೆಯುವುದು ಅದೇ ಎನ್‌ಕ್ಲೆಕ್ಸ್. ಕೆಲಸ ಮಾಡುತ್ತಲೇ ಬಿಎಸ್‌ಎನ್ ಅನ್ನು ಆನ್‌ಲೈನಿನಲ್ಲಿ ಮುಗಿಸಬಹುದು. ಹಣ ಕೈಯಲ್ಲಿಲ್ಲದವರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಪ್ರಶ್ನೆ: ಬಿ.ಕಾಂ. ಆಗಿದೆ, ವಯಸ್ಸು 29. ಕರ್ನಾಟಕದಲ್ಲಿ ಇಂಥ ವೇಗದ ಕೋರ್ಸ್ ಉಂಟೇ?
— ಓದುಗಿ, ಶಿವಮೊಗ್ಗ

ಉತ್ತರ: ಇಲ್ಲ. ನಮ್ಮಲ್ಲಿ ಬೇರೆ ಪದವಿಯ ಲೆಕ್ಕ ಹಿಡಿದು ಅವಧಿ ಕಡಿತ ಮಾಡುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ವಾಣಿಜ್ಯ ಓದಿದ ನಿಮಗೆ ತೆರೆದಿರುವುದು ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ. ಅದಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಸೇರುವ ಶಾಲೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಮಾನ್ಯತೆ ಇದೆಯೇ, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ, ವಾರಕ್ಕೆ ಎಷ್ಟು ದಿನ ಕಳಿಸುತ್ತಾರೆ ಎಂಬುದನ್ನು ಅಲ್ಲಿ ಓದುತ್ತಿರುವವರನ್ನೇ ಕೇಳಿ ತಿಳಿದುಕೊಂಡು ಫೀಸು ಕಟ್ಟಿ.